ಅಮೆರಿಕದ ಮಕ್ಕಳ ಆಸ್ಪತ್ರೆಯವರು ಕೈಜೋಡಿಸುತ್ತಾರಂತೆ, ಏನು ಕೇಳೋಣ?

ಅಘನಾಶಿನಿ ದಂಡೆ:
ನಮಸ್ಕಾರ. ನನ್ನ ಅಕ್ಕನ ಮಗಳು ಅಮೆರಿಕದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ನಮ್ಮ ಕುಮಟಾ ಕಡೆಯ ಆಸ್ಪತ್ರೆ ಜೊತೆ ಸೇರಿ ಕೆಲಸ ಮಾಡಲು ಅವರು ತಯಾರಿದ್ದಾರಂತೆ. ಅಲ್ಲಿ ಬಳಸಿ ಬಿಟ್ಟ ವೆಂಟಿಲೇಟರ್, ಶಿಶುಗಳನ್ನು ಬೆಚ್ಚಗಿಡುವ ವಾರ್ಮರ್ ಎಲ್ಲ ಕಂಟೇನರ್‌ನಲ್ಲಿ ಕಳಿಸುತ್ತೇವೆ ಎನ್ನುತ್ತಾರೆ. ನಮ್ಮ ಸಮಿತಿಯವರಿಗೆ ಖುಷಿಯೋ ಖುಷಿ. ಈಗ ಮಗು ಸ್ವಲ್ಪ ಸೀರಿಯಸ್ ಆದರೂ ಮಣಿಪಾಲ, ಮಂಗಳೂರು, ಇಲ್ಲ ಹುಬ್ಬಳ್ಳಿ ಅಂತ ಓಡಬೇಕು, ಅಲ್ವಾ? ಸುಮ್ನೆ ಹೂಂ ಅಂದುಬಿಡೋಣವೇ?

ಅಂಕೋಲಾ ಸಿಸ್ಟರ್:
ತಡೆಯಿರಿ ರಾಯರೇ. ನಾನು ನವಜಾತ ಶಿಶು ಘಟಕದಲ್ಲೇ ವರ್ಷಗಟ್ಟಲೆ ಡ್ಯೂಟಿ ಮಾಡಿದವಳು. ಹೀಗೇ ದಾನ ಬಂದ ಮಷೀನೊಂದು ನಮ್ಮಲ್ಲಿತ್ತು. ಅದು 110 ವೋಲ್ಟಿನದು, ನಮ್ಮ ಕರೆಂಟು 230. ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ತಂದಿದ್ದಾಯಿತು. ಆಮೇಲೆ ಸೆನ್ಸರ್ ಹೋಯಿತು, ಬೇರೆಯದು ಇಲ್ಲಿ ಸಿಗಲಿಲ್ಲ. ಕಡಲ ಗಾಳಿಗೆ ಸ್ಕ್ರೂ ತುಕ್ಕು ಹಿಡಿಯಿತು. ಕೊನೆಗೆ ಅದರ ಮೇಲೆ ಗ್ಲೌಸಿನ ಡಬ್ಬಿ ಪೇರಿಸಿಟ್ಟೆವು.

ಕೇಳುವುದಾದರೆ ಆಫ್ರಿಕಾದ ಮಲಾವಿಯಲ್ಲಿ ಆದಂಥದ್ದು ಕೇಳಿ. ಬ್ಲಾಂಟೈರ್‌ನ ಕ್ವೀನ್ ಎಲಿಜಬೆತ್ ಆಸ್ಪತ್ರೆ ಮತ್ತು ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಸೇರಿ ಅಗ್ಗದ ಬಬಲ್ ಸಿಪ್ಯಾಪ್, ಅಂದರೆ ಉಸಿರಾಡಲು ಕಷ್ಟಪಡುವ ಶಿಶುವಿಗೆ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ, ಬಳಕೆಗೆ ತಂದರು. ಮೊದಲ ಮಾದರಿಯಲ್ಲಿ ಇದ್ದದ್ದು ಮೀನಿನ ತೊಟ್ಟಿಯ ಪಂಪು! ಮಗುವಿನ ಮೂಗಿಗೆ ಗಾಳಿ ಕೊಡುವ ನಳಿಕೆಯ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ಎಷ್ಟು ಸೆಂಟಿಮೀಟರ್ ಮುಳುಗಿದೆಯೋ ಅಷ್ಟು ಒತ್ತಡ. ಗುಳುಗುಳು ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ವಾರ್ಡಿನ ಆ ತುದಿಯಿಂದಲೇ ಗೊತ್ತಾಗುತ್ತದೆ. ಉಸಿರಾಟದ ತೊಂದರೆ ಇದ್ದ ಶಿಶುಗಳಲ್ಲಿ, ಬರೀ ಆಕ್ಸಿಜನ್ ಕೊಟ್ಟಾಗ ನೂರಕ್ಕೆ 44 ಉಳಿದಿದ್ದವು, ಇದರಲ್ಲಿ 71. ಇದು 2014ರಲ್ಲಿ ಪ್ರಕಟವಾದ ಲೆಕ್ಕ. ಅಲ್ಲಿನ ನರ್ಸ್‌ಗಳಿಗೇ ಕಲಿಸಿದ್ದರು, ಅದು ಮುಖ್ಯ. ನೀವೂ ಮೊದಲು ಕಲಿಸುವವರನ್ನು ಕೇಳಿ. ರಿಪೇರಿಗೆ ಹುಬ್ಬಳ್ಳಿಯಲ್ಲಾದರೂ ಜನ ಸಿಗಬೇಕು.

ಶಿರಸಿ ತೋಟದವ:
ಸಿಸ್ಟರ್ ಮಾತಿಗೆ ನನ್ನದೂ ಒಂದು ಸೇರಿಸಿ. ತಮ್ಮನ ಮಗನಿಗೆ ರಕ್ತದ ಕ್ಯಾನ್ಸರ್ ಆಗಿ ಅಲೆದಾಗ ನೋಡಿದ್ದೇನೆ. ಔಷಧಿಗೆ ಹೇಗೋ ಸರ್ಕಾರದ ಯೋಜನೆ ಇತ್ತು. ಬಸ್ ಚಾರ್ಜು, ರೂಮು ಬಾಡಿಗೆ, ಅಡಿಕೆ ಕೊಯ್ಲಿನ ಹೊತ್ತಿಗೆ ತಪ್ಪಿದ ಕೂಲಿ, ಇವಕ್ಕೆ ಯಾವ ಯೋಜನೆಯೂ ಇಲ್ಲ. ಎಷ್ಟೋ ಮಂದಿ ಅರ್ಧಕ್ಕೇ ಬಿಟ್ಟು ಊರಿಗೆ ಬರುತ್ತಾರೆ. ಇಟಲಿಯ ಮೋಂಜಾದ ಡಾಕ್ಟರುಗಳು 1986ರಲ್ಲಿ ಮಧ್ಯ ಅಮೆರಿಕದ ನಿಕರಾಗುವಾದ ಲಾ ಮಸ್ಕೋಟಾ ಮಕ್ಕಳ ಆಸ್ಪತ್ರೆ ಜೊತೆ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ಸೇರಿದವರು, ಹತ್ತಾರು ವರ್ಷ ಬಿಡಲಿಲ್ಲ. ಹಳ್ಳಿಯಿಂದ ಬರುವವರ ಓಡಾಟ, ವಸತಿಯನ್ನೂ ಲೆಕ್ಕಕ್ಕೆ ಹಿಡಿದರು. ಫೋಟೋ ತೆಗೆಸಿಕೊಂಡು ಹೋಗುವ ನಂಟಾದರೆ ಬೇಡವೇ ಬೇಡ.

ಅಘನಾಶಿನಿ ದಂಡೆ:
ಕಂಟೇನರ್ ಸದ್ಯಕ್ಕೆ ಬೇಡ ಅಂತ ಬರೆಯುತ್ತೇನೆ. ಸಮಿತಿಯಲ್ಲಿ ಇಬ್ಬರು ಮುಖ ಊದಿಸಿಕೊಳ್ಳುತ್ತಾರೆ, ಇರಲಿ. ವಾರಕ್ಕೊಮ್ಮೆ ವಿಡಿಯೋದಲ್ಲಿ ಕೇಸು ಚರ್ಚೆ ಇಟ್ಟರೆ? ರಾತ್ರಿ ಎಂಟಕ್ಕೆ ಅಲ್ಲಿ ಬೆಳಿಗ್ಗೆ.

ಅಂಕೋಲಾ ಸಿಸ್ಟರ್:
ಎಂಟಕ್ಕೆ ಡ್ಯೂಟಿ ಬದಲಾಗುವ ಹೊತ್ತು, ಯಾರೂ ಕೂರುವುದಿಲ್ಲ. ಒಂಬತ್ತಕ್ಕೆ ಇಡಿ. ಮಕ್ಕಳ ಹೆಸರು, ಮುಖ ತೋರಿಸುವ ಹಾಗಿಲ್ಲ. ಸರ್ಕಾರಿ ಆಸ್ಪತ್ರೆಯಾದರೆ ಮೊದಲು ಇಲಾಖೆಯ ಒಪ್ಪಿಗೆ ಕಾಗದದಲ್ಲೇ ತೆಗೆದುಕೊಳ್ಳಿ, ಬಾಯಿ ಮಾತು ನಂಬಬೇಡಿ.