ಅಪ್‌ಡೇಟ್: ಸ್ಪೀಕರ್ ಆಂಪ್‌ಗೆ ಹೆಡ್‌ಫೋನ್ ಹಾಕಿದ್ದಾಯ್ತು

ಸ್ಪೀಕರ್ ಆಂಪ್‌ಗೆ (ಆಂಪ್ಲಿಫೈಯರ್‌ಗೆ) 32 ಓಮ್ ಹೆಡ್‌ಫೋನ್ ನೇರವಾಗಿ ಹಾಕಬಹುದಾ ಅಂತ ಕೇಳಿದ್ದೆ. ಬೇಡ, ನಡುವೆ ರೆಸಿಸ್ಟರ್ ಇರಲಿ ಅಂದಿದ್ರಿ. ಹಾಕಿದೆ: ಪ್ರತಿ ಚಾನೆಲ್‌ಗೆ ಸೀರೀಸ್‌ನಲ್ಲಿ 7.5 ಓಮ್, ಹೆಡ್‌ಫೋನ್‌ಗೆ ಪ್ಯಾರಲಲ್ ಆಗಿ 1 ಓಮ್, ಎಲ್ಲವೂ 10 ವ್ಯಾಟಿನವು. ಆಂಪ್‌ಗೆ 8 ಓಮ್ ಸ್ಪೀಕರ್ ಇದ್ದಂಗೇ. ಸಿಗ್ನಲ್ ಸುಮಾರು 19 ಡೆಸಿಬಲ್ ಇಳಿಯುತ್ತೆ.

ಅಸಲಿ ವಿಷಯ ಬೇರೆ. ಜೋಡಿಸೋ ಮುಂಚೆ, ಆಂಪ್ ಆಫ್ ಮಾಡಿ, ಎರಡು ಕಪ್ಪು ಟರ್ಮಿನಲ್ ನಡುವೆ ಮಲ್ಟಿಮೀಟರ್ ಇಟ್ಟೆ. ಬೀಪ್ ಬರಲಿಲ್ಲ, ಅಂದ್ರೆ ಅವೆರಡೂ ಒಳಗೆ ಒಂದಕ್ಕೊಂದು ಸೇರಿಲ್ಲ. ಡೇಟಾಶೀಟ್ ನೋಡಿದ್ರೆ ಬ್ರಿಡ್ಜ್ಡ್ ಔಟ್‌ಪುಟ್, ಅಂದ್ರೆ ಕಪ್ಪು (ಮೈನಸ್) ಟರ್ಮಿನಲ್ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತೆ! ಮಾಮೂಲಿ ಮೂರು ತಂತಿ ಜ್ಯಾಕ್‌ನಲ್ಲಿ ಎರಡೂ ಮೈನಸ್ ಒಂದಾಗಿಬಿಡುತ್ತೆ, ಅಲ್ಲಿಗೆ ಆಂಪ್ ಕಥೆ ಮುಗೀತು. ಹಾಗಾಗಿ ನಾಲ್ಕು ತಂತಿ ಕೇಬಲ್, ನಾಲ್ಕು ಪಿನ್ ಎಕ್ಸ್‌ಎಲ್‌ಆರ್ ಕನೆಕ್ಟರ್.

ಹಿಸ್ (ಹಿನ್ನೆಲೆಯ ‘ಸ್ಸ್’ ಸದ್ದು) ಕೇಳಿಸ್ತಿಲ್ಲ. ಆನ್ ಮಾಡಿದಾಗ ‘ಟಪ್’ ಅನ್ನೋದು ಉಳಿದಿದೆ. ಅದಾದ ಮೇಲೇ ಹೆಡ್‌ಫೋನ್ ಸಿಕ್ಕಿಸ್ತೀನಿ.