ಮೊದಲ ಗೇರ್ ಬೈಕ್: ಮೂಡಿಗೆರೆ ಕಡೆಯ ರಸ್ತೆಗೆ ಯಾವುದು ತಗೊಳ್ಳಲಿ?

ಕಡೂರಿನವಳು:

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮ ಆಡಳಿತ ಅಧಿಕಾರಿ. ಊರು ಕಡೂರು ಹತ್ತಿರ, ಪೋಸ್ಟಿಂಗ್ ಸಿಕ್ಕಿರುವುದು ಮೂಡಿಗೆರೆ ತಾಲ್ಲೂಕಿನಲ್ಲಿ. ಕಾಲೇಜಿನಿಂದಲೂ ಸ್ಕೂಟರ್ ಓಡಿಸುತ್ತಿದ್ದೇನೆ. ನಮ್ಮೂರಿನ ನೇರ ರಸ್ತೆಗೆ ಅದು ಸಾಕಾಗಿತ್ತು. ಇಲ್ಲಿ ನನ್ನ ಸರ್ಕಲ್‌ನ ಹಳ್ಳಿಗಳೆಲ್ಲ ಎಸ್ಟೇಟ್‌ಗಳ ನಡುವೆ ಇವೆ. ಡಾಂಬರು ಮುಗಿದರೆ ಜಲ್ಲಿ, ಜಲ್ಲಿ ಮುಗಿದರೆ ಕೆಂಪು ಮಣ್ಣು. ಮಳೆಗೆ ಯಾರದಾದರೂ ಮನೆ ಗೋಡೆ ಬಿತ್ತು ಅಂದರೆ ಅದೇ ಮಳೆಯಲ್ಲಿ ಹೋಗಿ ಮಹಜರು ಮಾಡಬೇಕು. ಸ್ಕೂಟರ್‌ನ ಸಣ್ಣ ಚಕ್ರ ಗುಂಡಿಗೆ ಇಳಿದರೆ ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ.

ಅದಕ್ಕೇ ಬೈಕ್ ತಗೊಳ್ಳಬೇಕು ಅಂತಿದ್ದೇನೆ. ಗೇರ್ ಗಾಡಿ ಇದುವರೆಗೂ ಮುಟ್ಟಿಲ್ಲ. ಎತ್ತರ 5 ಅಡಿ 1 ಇಂಚು. ಕೈಯಲ್ಲಿ 90 ಸಾವಿರ ಇದೆ, ಬೇಕಿದ್ದರೆ ಲೋನ್ ಹಾಕಬಹುದು. ಆಫೀಸಿನಲ್ಲಿ ಒಬ್ಬರು ರಾಯಲ್ ಎನ್‌ಫೀಲ್ಡ್ ಹಂಟರ್ 350 ಅಂತಾರೆ, ಇನ್ನೊಬ್ಬರು ಮಣ್ಣು ರಸ್ತೆಗೆ ಹೀರೋ ಎಕ್ಸ್‌ಪಲ್ಸ್ ಅಂತಾರೆ. ಅಪ್ಪ ಮಾತ್ರ ಸ್ಪ್ಲೆಂಡರ್ ಬಿಟ್ಟು ಬೇರೆ ಮಾತೇ ಆಡುತ್ತಿಲ್ಲ. ಈ ಭಾಗದಲ್ಲಿ ದಿನಾ ಓಡಿಸುವವರು ದಯವಿಟ್ಟು ಹೇಳಿ.

ಬಿ.ಎಂ. ರೋಡ್ ಸವಾರ:

ಮೇಡಂ, ನಾನು ಹಾಸನದವನು, ಹಂಟರ್ ಇಟ್ಟುಕೊಂಡಿದ್ದೇನೆ. ಅದರ ಸೀಟು 790 ಮಿಲಿಮೀಟರ್ ಅಷ್ಟೇ, ನಿಮಗೆ ಕಾಲು ಸಿಗುತ್ತದೆ. ಶಿರಾಡಿ ಘಾಟಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡರೂ ಎಂಜಿನ್ ಉಸಿರು ಬಿಡುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ, ಹಾಗಾಗಿ ಲೋನ್ ಭಾರವೂ ಸ್ವಲ್ಪ ಕಮ್ಮಿ. ಒಂದೇ ಸಲ ಒಳ್ಳೆಯದನ್ನೇ ತಗೊಳ್ಳಿ.

ಹೆತ್ತೂರು ಅಕ್ಕ:

ತಂಗಿ, ನಾನು ಪಶುಪಾಲನಾ ಇಲಾಖೆಯಲ್ಲಿ ಇದ್ದೇನೆ. ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಹಾನಬಾಳು ಕಡೆ ಕಾಲುಬಾಯಿ ಜ್ವರದ ಲಸಿಕೆ ಬಾಕ್ಸ್ ಕಟ್ಟಿಕೊಂಡು ಬೈಕಿನಲ್ಲೇ ಓಡಾಡುವವಳು. ನನ್ನ ಎತ್ತರವೂ ಹೆಚ್ಚುಕಮ್ಮಿ ನಿಮ್ಮಷ್ಟೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೇಲಿನ ತಮ್ಮ ಹೇಳಿದ ಸೀಟಿನ ಲೆಕ್ಕ ಸರಿ. ಆದರೆ ತೂಕವನ್ನೂ ನೋಡಿ. ಹಂಟರ್ ಸುಮಾರು 180 ಕೆಜಿ, ಸ್ಪ್ಲೆಂಡರ್ ಸುಮಾರು 112 ಕೆಜಿ. ಸೀಟಿನ ಎತ್ತರ ಎರಡಕ್ಕೂ ಹತ್ತಿರ ಹತ್ತಿರ ಒಂದೇ. ಹೊಸದಾಗಿ ಕಲಿಯುವವರು ಜಾಸ್ತಿ ಬೀಳುವುದು ಸ್ಪೀಡಿನಲ್ಲಿ ಅಲ್ಲ. ನಿಲ್ಲಿಸುವಾಗ, ತಿರುಗಿಸುವಾಗ, ಎದುರಿಗೆ ಪಿಕಪ್ ಬಂತು ಅಂತ ರಸ್ತೆ ಅಂಚಿಗೆ ಇಳಿದಾಗ. ನಮ್ಮ ಕಡೆ ರಸ್ತೆ ಅಂಚು ಅಂದರೆ ಚರಂಡಿ ಕಡೆಗೆ ಇಳಿಜಾರು. ಶೋರೂಂನಲ್ಲಿ ನೆಲಕ್ಕೆ ಮುಟ್ಟುತ್ತಿದ್ದ ಎಡಗಾಲು ಅಲ್ಲಿ ಎರಡು ಇಂಚು ಕೆಳಗೆ ಹುಡುಕಬೇಕಾಗುತ್ತದೆ. ಅಷ್ಟರಲ್ಲಿ ಗಾಡಿ ವಾಲಿರುತ್ತದೆ. 112 ಕೆಜಿ ಆದರೆ ತೊಡೆ ಕೊಟ್ಟು ತಡೆಯಬಹುದು. 180 ಕೆಜಿಯನ್ನು ತಡೆಯಲು ನಿಂತರೆ ಕಾಲಿಗೇ ಪೆಟ್ಟು. ಆ ತೋಟದ ದಾರಿಯಲ್ಲಿ ಎತ್ತಿಕೊಡುವುದಕ್ಕೆ ಜನ ಸಿಗುತ್ತಾರೆ ಅನ್ನುವ ಗ್ಯಾರಂಟಿಯೂ ಇಲ್ಲ.

ಎಕ್ಸ್‌ಪಲ್ಸ್ 200 ಮಣ್ಣು ರಸ್ತೆಗೆ ಹೇಳಿ ಮಾಡಿಸಿದ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಸೀಟು 825 ಮಿಲಿಮೀಟರ್. ನಮ್ಮ ಎತ್ತರಕ್ಕೆ ಬೆರಳ ತುದಿ ಮಾತ್ರ ತಾಗುತ್ತದೆ. ಒಂದೆರಡು ವರ್ಷ ಓಡಿಸಿ ಕೈ ಕುದುರಿದ ಮೇಲೆ ಅದನ್ನು ಯೋಚಿಸಿ. ಮೊದಲ ಗಾಡಿಯಾಗಿ ಖಂಡಿತ ಬೇಡ.

ಹಾಗಾಗಿ ನನ್ನ ಮಾತು ನಿಮ್ಮ ಅಪ್ಪನ ಮಾತೇ. ಸ್ಪ್ಲೆಂಡರ್, ಇಲ್ಲವಾದರೆ ಹೋಂಡಾ ಶೈನ್ 125. ಸ್ಪ್ಲೆಂಡರ್‌ಗೆ 18 ಇಂಚಿನ ಚಕ್ರ, ಗುಂಡಿಗೆ ಇಳಿದರೂ ಹತ್ತಿ ಬರುತ್ತದೆ. ಈ ಎರಡರಲ್ಲೂ ಚೈನಿಗೆ ಪೂರ್ತಿ ಕವರ್ ಇದೆ. ಕೆಂಪು ಮಣ್ಣು ಚೈನಿಗೆ ಮೆತ್ತಿಕೊಳ್ಳುವುದಿಲ್ಲ, ಚೂಡಿದಾರದ ವೇಲ್ ಸಿಕ್ಕಿಕೊಳ್ಳುವ ಭಯವೂ ಕಮ್ಮಿ. ವೇಲನ್ನು ಜಾಕೆಟ್ ಒಳಗೆ ಸೇರಿಸಿ ಜಿಪ್ ಹಾಕಿಕೊಳ್ಳುವುದನ್ನು ಮಾತ್ರ ಎಂದೂ ಮರೆಯಬೇಡಿ. ಸ್ಪ್ಲೆಂಡರ್‌ಗೆ ಕಿಕ್ಕರ್ ಕೂಡ ಇದೆ. ಆರಿದ್ರಾ ಮಳೆ ಹಿಡಿದಾಗ ವಾರಗಟ್ಟಲೆ ಒದ್ದೆಯಲ್ಲೇ ನಿಂತ ಗಾಡಿಗೆ ಬೆಳಗ್ಗೆ ಸೆಲ್ಫ್ ಕೈಕೊಟ್ಟರೆ ಆ ಕಿಕ್ಕರ್ ಬೆಲೆ ಗೊತ್ತಾಗುತ್ತದೆ. ಹಂಟರ್‌ಗೆ ಕಿಕ್ಕರ್ ಇಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ನೀವು ಸ್ಕೂಟರ್‌ನಿಂದ ಬರುತ್ತಿದ್ದೀರಿ. ಸ್ಕೂಟರ್‌ನಲ್ಲಿ ಎಡಗೈ ಲಿವರ್ ಹಿಂದಿನ ಬ್ರೇಕ್. ಬೈಕಿನಲ್ಲಿ ಅದೇ ಜಾಗದಲ್ಲಿ ಕ್ಲಚ್ ಇರುತ್ತದೆ. ಇಳಿಜಾರಿನಲ್ಲಿ ದನ ಅಡ್ಡ ಬಂತು ಅಂದುಕೊಳ್ಳಿ. ಗಾಬರಿಗೆ ನಿಮ್ಮ ಎಡಗೈ ತಾನಾಗೇ ಲಿವರ್ ಅಮುಕುತ್ತದೆ. ಗಾಡಿ ನಿಲ್ಲುವುದಿರಲಿ, ಎಂಜಿನ್ ಹಿಡಿತವೂ ತಪ್ಪಿ ಇನ್ನೂ ಜೋರಾಗಿ ಇಳಿಯುತ್ತದೆ. ನಾನು ಕಲಿಸಿದ ಹುಡುಗಿಯರಲ್ಲಿ ಸ್ಕೂಟರ್ ಚೆನ್ನಾಗಿ ಓಡಿಸುವವರಿಗೇ ಇದು ಜಾಸ್ತಿ ಕಾಡಿದೆ. ಸಂತೆ ಇಲ್ಲದ ದಿನ ಸಂತೆ ಮೈದಾನಕ್ಕೆ ಹೋಗಿ. ಮೊದಲು ಗೇರ್ ಬದಲಿಸುವ ಯೋಚನೆ ಬಿಟ್ಟಾಕಿ, ಬಲಗಾಲು ಮತ್ತು ಬಲಗೈ ಬ್ರೇಕ್ ಎರಡನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುವುದನ್ನೇ ಅಭ್ಯಾಸ ಮಾಡಿ. ಯಾರಾದರೂ ಪಕ್ಕದಲ್ಲಿ ನಿಂತು ಹೇಳದೆ ಕೇಳದೆ "ನಿಲ್ಸು" ಅಂತ ಕೂಗಲಿ. ಕೂಗಿದ ತಕ್ಷಣ ಬಲಗಾಲು ಒತ್ತಬೇಕು, ಬಲಗೈ ಹಿಡಿಯಬೇಕು, ಎಡಗೈ ಆಮೇಲೆ. ಇದು ಬರುವವರೆಗೂ ಘಾಟಿ ಶುರುವಾಗುವ ಕೊಟ್ಟಿಗೆಹಾರದ ಕಡೆ ತಲೆ ಹಾಕಬೇಡಿ.

ಇಳಿಯುವಾಗ ನ್ಯೂಟ್ರಲ್ ಮಾಡುವುದಾಗಲಿ, ಕ್ಲಚ್ ಹಿಡಿದು ಬಿಡುವುದಾಗಲಿ ಬೇಡವೇ ಬೇಡ. ಎರಡನೇ ಗೇರ್‌ನಲ್ಲಿ ಇಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಸಿಲ್ವರ್ ಓಕ್ ಎಲೆ ಒದ್ದೆಯಾಗಿ ಬಿದ್ದಿರುವ ಕಡೆ, ಪಾಚಿ ಕಟ್ಟಿದ ಸಿಮೆಂಟ್ ರಸ್ತೆಯಲ್ಲಿ ಬ್ರೇಕನ್ನು ಮೊದಲೇ ಮುಗಿಸಿಕೊಳ್ಳಿ. ಅದರ ಮೇಲೆ ಹೋದ ನಂತರ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಪಕ್ಕಕ್ಕೆ ಹೋಗುತ್ತದೆ.

ಇನ್ನೊಂದು ವಿಷಯ, ನಿಮ್ಮ ಲೈಸೆನ್ಸ್ ನೋಡಿಕೊಳ್ಳಿ. ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಮಾತ್ರ ಇದ್ದರೆ ಬೈಕಿಗೆ ಅದು ನಡೆಯುವುದಿಲ್ಲ. ಗೇರ್ ಗಾಡಿಗೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿ, 30 ದಿನ ಆದ ಮೇಲೆ ಟೆಸ್ಟ್ ಕೊಟ್ಟು ಸೇರಿಸಿಕೊಳ್ಳಬೇಕು. ನೀವು ಸರ್ಕಾರಿ ಕೆಲಸದಲ್ಲಿ ಓಡಾಡುವವರು, ಹೆಚ್ಚುಕಮ್ಮಿ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಅದನ್ನು.

ಗ್ಯಾರೇಜ್ ಹಾಸನ:

ಅಕ್ಕ ಹೇಳಿದ ಎಡಗೈ ವಿಷಯ ನೂರಕ್ಕೆ ನೂರು ನಿಜ. ನನ್ನ ಗ್ಯಾರೇಜಿಗೆ ಬರುವ ಹೊಸಬರ ಗಾಡಿಗಳಲ್ಲಿ ಕ್ಲಚ್ ಲಿವರ್ ಮುರಿದವೇ ಜಾಸ್ತಿ.

ಮೇಡಂ, ಕಲಿಯುವುದಕ್ಕೆ ಹಳೆ ಗಾಡಿ ಸಾಕು. ಮಿಕ್ಕಿದ ದುಡ್ಡಲ್ಲಿ ಹೊಸ ಟೈರ್, ಐಎಸ್‌ಐ ಗುರುತಿನ ಹೆಲ್ಮೆಟ್, ಪ್ಯಾಂಟ್ ಇರುವ ರೈನ್‌ಕೋಟ್ ತಗೊಳ್ಳಿ. 2019ರ ಏಪ್ರಿಲ್ ನಂತರದ ಗಾಡಿ ಆದರೆ ಒಳ್ಳೆಯದು. ಆಗಿನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೂ ಕಾಂಬಿ ಬ್ರೇಕ್ ಕಡ್ಡಾಯ. ಕಾಲಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಹೊಸಬರಿಗೆ ಅನುಕೂಲ. ಆಗ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಆಗಿದ್ದು 125 ಸಿಸಿಗಿಂತ ಮೇಲಿನದಕ್ಕೆ.

ಹಳೆ ಗಾಡಿ ನೋಡುವಾಗ ಪೇಂಟ್ ಹೊಳಪಿಗೆ ಮರುಳಾಗಬೇಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು ಅಂತ ಅರ್ಥ. ಅಷ್ಟು ಹಳೆ ಟೈರ್ ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಜಾರುತ್ತದೆ. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲ್ ಹತ್ತಿರ ಟಕ್ ಟಕ್ ಅಂದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆ) ಮೇಲೆ ಬೆರಳು ಆಡಿಸಿ, ಎಣ್ಣೆ ಅಂಟಿದರೆ ಆಯಿಲ್ ಸೀಲ್ ಹೋಗಿದೆ. ಇವೆರಡೂ ರಿಪೇರಿ ಆಗುತ್ತವೆ, ರೇಟ್ ಇಳಿಸಿ ಕೇಳಿ. ಆದರೆ ಹಿಂದಿನಿಂದ ನಿಂತು ನೋಡಿದಾಗ ಎರಡು ಚಕ್ರ ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ. ಬಿದ್ದು ಚಾಸಿ ಬಾಗಿರುವ ಗಾಡಿ ಅದು.

ಊರು ಕಡೂರು ಹತ್ತಿರ ಅಂದಿರಿ, ಆ ಕಡೆ ಹೋಗಿಬರುತ್ತೀರಿ. ಸುಗ್ಗಿಯಲ್ಲಿ ಬಯಲು ಕಡೆ ರಾಗಿ, ಹುರುಳಿ ರಸ್ತೆ ಮೇಲೆ ಹಾಸಿರುತ್ತಾರಲ್ಲ, ಅದರ ಮೇಲೆ ಬೈಕ್ ವಾಲಿಸಬೇಡಿ, ಬ್ರೇಕ್ ಹಿಡಿಯಬೇಡಿ. ಸ್ಪೀಡ್ ಮೊದಲೇ ಇಳಿಸಿಕೊಂಡು ನೇರವಾಗಿ ದಾಟಿ.

ಬಿ.ಎಂ. ರೋಡ್ ಸವಾರ:

ಅಕ್ಕ, ಇಳಿಜಾರಿನ ಅಂಚಿನ ಮಾತು ಒಪ್ಪಿದೆ. ನಾನು ಓಡಿಸುವುದು ಹೆಚ್ಚಾಗಿ ಹೈವೇಯಲ್ಲಿ, ತೋಟದ ದಾರಿಯ ಅನುಭವ ನಿಮ್ಮಷ್ಟಿಲ್ಲ. ಮೇಡಂ, ಅವರು ಹೇಳಿದ ಹಾಗೇ ಮಾಡಿ.

ಕಡೂರಿನವಳು:

ಅಕ್ಕ, ಅಣ್ಣ, ಎಲ್ಲರಿಗೂ ಧನ್ಯವಾದ. ಎಡಗೈ ವಿಷಯ ನನಗೆ ಹೊಳೆದೇ ಇರಲಿಲ್ಲ. ಬೇಲೂರಿನಲ್ಲಿ ಒಂದು 2021ರ ಶೈನ್ ಇದೆಯಂತೆ, ಭಾನುವಾರ ನೋಡಲು ಹೋಗುತ್ತಿದ್ದೇವೆ. ಒಂದು ಭಯ ಮಾತ್ರ ಉಳಿದಿದೆ. ಏರಿನಲ್ಲಿ ಬಸ್ ಹಿಂದೆ ನಿಲ್ಲಬೇಕಾಗಿ ಬಂದರೆ ಮತ್ತೆ ಹೊರಡುವುದು ಹೇಗೆ? ಹಿಂದಕ್ಕೆ ಜಾರುವುದಿಲ್ಲವಾ?

ಹೆತ್ತೂರು ಅಕ್ಕ:

ಜಾರುವುದಿಲ್ಲ ತಂಗಿ, ಬಲಗಾಲು ಬ್ರೇಕ್ ಮೇಲೇ ಇರಲಿ. ನೆಲಕ್ಕೆ ಊರುವುದು ಎಡಗಾಲು. ಗೇರ್ ಹಾಕುವುದೂ ಅದೇ ಕಾಲಿನಿಂದ, ಅದಕ್ಕೆ ಕ್ಲಚ್ ಹಿಡಿದು ಮೊದಲನೇ ಗೇರ್ ಹಾಕಿಕೊಂಡೇ ಎಡಗಾಲು ಇಳಿಸಿ. ಹೊರಡುವಾಗ ಸ್ವಲ್ಪ ರೈಸ್ ಮಾಡಿ ಕ್ಲಚ್ ನಿಧಾನಕ್ಕೆ ಬಿಡುತ್ತಾ ಬನ್ನಿ. ಹಾಫ್ ಕ್ಲಚ್‌ಗೆ ಬಂದಾಗ ಎಂಜಿನ್ ಸದ್ದು ಭಾರವಾಗುತ್ತದೆ, ಗಾಡಿ ಮುಂದಕ್ಕೆ ಎಳೆದಂತಾಗುತ್ತದೆ. ಆಗ ಬ್ರೇಕ್ ಬಿಡಿ, ಅದಕ್ಕೂ ಮುಂಚೆ ಬೇಡ. ಬಸ್ಸಿಗೆ ತೀರ ಅಂಟಿಕೊಂಡು ನಿಲ್ಲಬೇಡಿ, ಅದೂ ಹಿಂದಕ್ಕೆ ಸ್ವಲ್ಪ ಬರಬಹುದು. ಸಣ್ಣ ಏರಿನಲ್ಲಿ ಶುರು ಮಾಡಿ. ಮೂಡಿಗೆರೆಗೆ ಬಂದ ಮೇಲೆ ಬೇಕಿದ್ದರೆ ಮೆಸೇಜ್ ಮಾಡಿ, ರಜೆ ದಿನ ಬಂದು ಜೊತೆಗೆ ನಿಲ್ಲುತ್ತೇನೆ.

ಗ್ಯಾರೇಜ್ ಹಾಸನ:

ಭಾನುವಾರ ಹೋಗುವ ಮೊದಲು ಗಾಡಿ ನಂಬರ್ ತಗೊಂಡು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಲೋನ್ ಬಾಕಿ ಇದ್ದರೆ ಬ್ಯಾಂಕಿನ ಎನ್‌ಒಸಿ (ಸಾಲ ತೀರಿದೆ, ಆಕ್ಷೇಪ ಇಲ್ಲ ಅನ್ನುವ ಪತ್ರ) ಕೊಡುವವರೆಗೂ ಅಡ್ವಾನ್ಸ್ ಬೇಡ. ಗಾಡಿ ನಿಮ್ಮ ಹೆಸರಿಗೆ ಮಾಡಿಸುವ ಫಾರಂ 29, 30 ಎರಡಕ್ಕೂ ಮಾರುವವರ ಸಹಿ ಅಲ್ಲೇ ಹಾಕಿಸಿಕೊಳ್ಳಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸುವುದಕ್ಕೆ 14 ದಿನದೊಳಗೆ ಅರ್ಜಿ ಕೊಡಬೇಕು. ಬೆಳಗ್ಗೆ ಹೋಗಿ, ನೀವು ಬರುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿರಿ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ, ಹೊಗೆ ಯಾವ ಬಣ್ಣ ಬರುತ್ತದೆ ನೋಡಬೇಕು. ನೀಲಿ ಹೊಗೆ ಬಂದರೆ ವಿಡಿಯೋ ಮಾಡಿ ಇಲ್ಲಿ ಹಾಕಿ, ಸದ್ದು ಕೇಳಿ ಹೇಳುತ್ತೇನೆ.