ಸಹಾಯ ಬೇಕು: ವಾಕಿಂಗ್ ಮಾಡುತ್ತಾ ನೋಟ್ಸ್ ಕೇಳೋದು ಹೇಗೆ?

ನಮಸ್ಕಾರ. ಕೆಎಎಸ್ ಪ್ರಿಲಿಮ್ಸ್‌ಗೆ ಓದುತ್ತಿದ್ದೇನೆ. ದಿನಾ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಗಂಟೆ ನಡೆಯುತ್ತೇನೆ. ಆ ಹೊತ್ತಲ್ಲಿ ಸಂವಿಧಾನದ ನೋಟ್ಸ್ ಕಿವಿಗೆ ಬೀಳಲಿ ಅಂತ ಫೋನಿನಲ್ಲಿ ಓದಿಸಲು ಹೋದೆ. ಪಿಡಿಎಫ್ ಹಳೇ ನುಡಿ ಫಾಂಟಿನದು, ಯೂನಿಕೋಡ್ (ಫೋನ್‌ಗೆ ಕನ್ನಡ ಅಂತ ಗೊತ್ತಾಗುವ ಅಕ್ಷರ ಸಂಕೇತ) ಅಲ್ಲ. ಕನ್ನಡದ ಬದಲು ಬರೀ ಇಂಗ್ಲಿಷ್ ಅಕ್ಷರ ಒದರುತ್ತದೆ! ಸ್ಪೀಕರ್ ಬೇರೆ ಆನ್ ಇತ್ತು, ಮುಂದೆ ಹೋಗುತ್ತಿದ್ದ ಅಜ್ಜ ತಿರುಗಿ ನೋಡಿದರು.

ಸದ್ಯಕ್ಕೆ ರಾತ್ರಿ ನಾನೇ ಓದಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. 32ನೇ ವಿಧಿ, 226ನೇ ವಿಧಿ, ಐದು ರಿಟ್‌ಗಳು (ಹಕ್ಕು ಕಾಪಾಡಲು ಕೋರ್ಟ್ ಕೊಡುವ ಆದೇಶಗಳು) ಹಾಗೇ ತಲೆಯಲ್ಲಿ ಕೂತವು. ಆದರೆ 300 ಪುಟ ಹೀಗೆ ಮುಗಿಯಲ್ಲ ಅಲ್ವಾ? ಒತ್ತಕ್ಷರ ಕೆಡದಂತೆ ಅಷ್ಟನ್ನೂ ಯೂನಿಕೋಡ್‌ಗೆ ತಿರುಗಿಸುವ ದಾರಿ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಕಂಪ್ಯೂಟರ್ ಇಲ್ಲ, ಆಂಡ್ರಾಯ್ಡ್ ಫೋನ್ ಮಾತ್ರ.